ವಸುಧಾ ಮೇಡಂ ಮತ್ತು ಮೂವತ್ತನೇ ನಂಬರು

ತೆರೆದಿದ್ದ ಬಾಗಿಲನ್ನೂ ತಟ್ಟಿಯೇ ಒಳಗೆ ಬರುತ್ತಿದ್ದವರು ವಸುಧಾ ಮೇಡಂ. ಹಗಲೆಲ್ಲ ತೆರೆದೇ ಇರುವ ಲ್ಯಾಬಿನ ಬಾಗಿಲಿಗೂ ಎರಡು ಸಲ ಟಕ್ ಟಕ್. ಒಳಗಿರುತ್ತಿದ್ದದ್ದು ಅವರ ಕೈಕೆಳಗಿನ ನಾನೊಬ್ಬಳೇ. "ಬನ್ನಿ ಮೇಡಂ" ಅನ್ನುವವರೆಗೆ ಹೊಸ್ತಿಲಾಚೆ ನಿಂತಿರುವರು. ಇದೆಂಥ ನಾಜೂಕು ಎಂದು ನನಗೆ ನಗು ಬರುತ್ತಿತ್ತು.

ತೀರ್ಥಹಳ್ಳಿಯ ಆ ಕಾಲೇಜಿನ ನೆಟ್‌ವರ್ಕ್ ನಮ್ಮಿಬ್ಬರ ಪಾಲಿನದು. ಕಂಪ್ಯೂಟರು, ಕ್ಯಾಮೆರಾಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆ ಆಫೀಸಿನಲ್ಲೊಂದು, ಹುಡುಗಿಯರ ಹಾಸ್ಟೆಲಿನಲ್ಲೊಂದು. ಎರಡರ ನಡುವೆ ಒಂದೇ ಕೇಬಲ್. ಅದರಲ್ಲೇ ಆಫೀಸಿನ ಕೆಲಸವೂ ಹರಿಯಬೇಕು, ಹುಡುಗಿಯರ ಇಂಟರ್ನೆಟ್ಟೂ. ಬೆರೆಯುವುದಿಲ್ಲವೇ ಎಂದು ಕೇಳಿದ್ದಕ್ಕೆ ಮೇಡಂ ತಮ್ಮೂರು ಹೊಸನಗರದ ಬಸ್ಸನ್ನು ಎಳೆದು ತಂದರು.

"ಸಾಗರದಲ್ಲಿ ಬಸ್ಸಿಗೆ ಪಾರ್ಸೆಲ್ ಹಾಕ್ತಾರಲ್ಲ, ಒಂದೊಂದ್ರ ಮೇಲೂ ಊರಿನ ಹೆಸ್ರು ಅಂಟ್ಸಿರ್ತಾರೆ. ಹೊಸನಗರದ ಏಜೆಂಟ್ ತನ್ನೂರಿಂದು ಮಾತ್ರ ಇಳಿಸ್ಕೊಂಡು, ಚೀಟಿ ಕಿತ್ತು ಅಂಗಡಿಗೆ ಕೊಡ್ತಾನೆ. ಚೀಟಿ ಬೇಕಾಗಿದ್ದು ದಾರಿಗೆ ಕಣೇ, ಅಂಗಡಿಗಲ್ಲ."

ಸ್ವಿಚ್ ಮಾಡುವುದೂ ಅದನ್ನೇ. ಕೇಬಲ್ ಸಿಕ್ಕಿಸುವ ಪೋರ್ಟುಗಳನ್ನು ನಂಬರು ಕೊಟ್ಟು ಗುಂಪು ಮಾಡಿರುತ್ತೇವೆ. ಒಂದೊಂದು ಗುಂಪೂ ಒಂದು ವರ್ಚುವಲ್ ಲ್ಯಾನ್. ಮಾಹಿತಿಯ ತುಣುಕು ನಡುವಿನ ಕೇಬಲ್ಲಿಗೆ ಹೊರಟಾಗ ಸ್ವಿಚ್ ಅದಕ್ಕೆ ಗುಂಪಿನ ನಂಬರು ಅಂಟಿಸುತ್ತದೆ, ಅದೇ ಟ್ಯಾಗು. ಆಚೆಯ ಸ್ವಿಚ್ ನಂಬರು ನೋಡಿ, ಟ್ಯಾಗ್ ಕಿತ್ತು, ಅದೇ ಗುಂಪಿನ ಪೋರ್ಟಿಗೆ ಬಿಡುತ್ತದೆ. ಆ ಕೇಬಲ್ಲಿನಲ್ಲಿ ನಾವು ಒಪ್ಪಿಗೆ ಕೊಡದ ನಂಬರು ಹೊರಡುವುದೇ ಇಲ್ಲ.

ಆಫೀಸಿಗೆ ಹತ್ತು, ಹುಡುಗಿಯರ ಇಂಟರ್ನೆಟ್ಟಿಗೆ ಇಪ್ಪತ್ತು, ಹಾಸ್ಟೆಲ್ ವರಾಂಡದ ಕ್ಯಾಮೆರಾಗಳಿಗೆ ಮೂವತ್ತು. ಮೇಡಂ ಮೂವತ್ತಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿರಲಿಲ್ಲ. ಆ ಚಿತ್ರ ವಾರ್ಡನ್ ಕೋಣೆಯ ಟೀವಿ ದಾಟಬಾರದು. ಹುಡುಗಿಯರು ನೈಟಿಯಲ್ಲಿ ಓಡಾಡುವ, ತಲೆ ಒಣಗಿಸಿಕೊಳ್ಳುವ ಜಾಗ ಅದು.

ಕಾಲೇಜಿನ ಕಾರ್ಯದರ್ಶಿಗಳಿಗೆ ಆ ಚಿತ್ರ ತಮ್ಮ ಮೇಜಿನ ಮೇಲೂ ಬೇಕಾಯಿತು. ಶಿಸ್ತಿಗಂತೆ. ಒಂದು ನಂಬರು ಸೇರಿಸಲು ಎಷ್ಟು ಹೊತ್ತು ಎಂದು ಲ್ಯಾಬಿಗೇ ಬಂದು ಕೇಳಿದರು. ಅರೆ ನಿಮಿಷ ಸಾಕು ಎಂದರು ಮೇಡಂ. ಆಮೇಲೆ ಮೆತ್ತಗೆ, "ಹುಡುಗೀರ್ನ ಕೇಳಿದೀರಾ ಸರ್?" ಅಂದರು.

ಆ ವರ್ಷ ಮೇಡಂ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಅವರ ಕುರ್ಚಿ ನನಗೆ ಬಂತು, ಅದರ ಬೆನ್ನಿಗೇ ಕಾರ್ಯದರ್ಶಿಗಳ ಬೇಡಿಕೆಯೂ. ಸೋಮವಾರದೊಳಗೆ ಆಗಬೇಕಂತೆ. ಹೆದರಿಕೆಯಿಂದ ನನಗೆ ಅನ್ನ ಸೇರದಾಯಿತು. ಈ ಕೆಲಸ ಹೋದರೆ ಈ ಊರಲ್ಲಿ ಇನ್ನೆಲ್ಲಿ ಹುಡುಕಲಿ?

ಶನಿವಾರ ಏನೋ ಕೆಲಸಕ್ಕೆ ಸಾಗರಕ್ಕೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ತೀರಾ ಇಳಿದುಹೋಗಿದ್ದರು. ಎಲ್ಲ ಹೇಳಿಕೊಂಡೆ. ನನ್ನ ಪರವಾಗಿ ಅವರೇ ತೀರ್ಮಾನ ಹೇಳಿಬಿಡಲಿ ಎಂಬ ಆಸೆ ನನ್ನದು.

"ಸೇರ್ಸು ಅಂತ್ಲೂ ಹೇಳಲ್ಲ, ಬೇಡ ಅಂತ್ಲೂ ಹೇಳಲ್ಲ. ಕೆಲ್ಸ ಹೋದ್ರೆ ಏನಾಗುತ್ತೆ ಅಂತ ನಂಗೊತ್ತು." ತಮ್ಮ ಬಸ್ಸು ಬಂತೇ ಎಂದು ಬೋರ್ಡುಗಳತ್ತ ಕಣ್ಣು ಹಾಯಿಸಿದರು. "ಆದ್ರೆ ಒಂದು ಮಾತು ಕೊರೀತಾನೇ ಇರುತ್ತೆ ಕಣೇ. ಸರ್‌ಗೆ ಹಾಗಂದೆ, ಸರಿ. ಹುಡುಗೀರ್ನ ನಾನೂ ಕೇಳ್ಲಿಲ್ಲ ನೋಡು."

ಹೊಸನಗರದ ಬಸ್ಸು ಬಂತು, ಹತ್ತಿಕೊಂಡು ಹೋದರು. ಆಮೇಲೆ ಅವರನ್ನು ನಾನು ನೋಡಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಬದಲು ಹಾಸ್ಟೆಲಿನ ಮೆಟ್ಟಿಲು ಹತ್ತಿದೆ. ಮೊದಲ ಕೋಣೆಯ ಬಾಗಿಲು ತೆರೆದೇ ಇತ್ತು, ಹುಡುಗಿಯರು ಜಡೆ ಹಾಕಿಕೊಳ್ಳುತ್ತಿದ್ದರು. ಹೊಸ್ತಿಲಾಚೆ ನಿಂತು ಎರಡು ಸಲ ತಟ್ಟಿದೆ.