ಹಾಡು ನಿಂತ ಮೇಲಿನ ಭಾನುವಾರಗಳು

ರಾಮನಗರಕ್ಕೆ ವಾಪಸ್ ಬಂದ ಮೊದಲ ವಾರ ನಾನು ಮಾಡಿದ್ದು ನಿದ್ದೆಯೊಂದೇ. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಬೆಳಗಿನ ಡ್ಯೂಟಿಗೆ ಹೊರಡುವಾಗ ಹೇಗೆ ಮಲಗಿದ್ದೆನೋ, ಮಧ್ಯಾಹ್ನ ಬಂದು ಸೀರೆ ಬದಲಿಸುವಾಗಲೂ ಹಾಗೇ ಮಲಗಿರುತ್ತಿದ್ದೆ. ಹಣೆ ಮುಟ್ಟಿ ನೋಡುತ್ತಿದ್ದಳು. ಜ್ವರ ಇರುತ್ತಿರಲಿಲ್ಲ. ಪಕ್ಕದ ಮನೆಯವರು ರೇಷ್ಮೆ ನೂಲು ತೆಗೆಯುವವರು. ಗೂಡು ಬೇಯಿಸುವ ವಾಸನೆಯೂ ರಾಟೆಯ ಗರಗರವೂ ಗೋಡೆಯಾಚೆಯಿಂದ ಇಡೀ ದಿನ ಬರುತ್ತಿದ್ದವು. ಚಿಕ್ಕಂದಿನಿಂದ ನಾನು ಖಾಲಾ ಎಂದೇ ಕರೆಯುತ್ತಿದ್ದ ಆ ಮನೆಯ ಯಜಮಾನಿ ಒಂದು ದಿನ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಬೇಟಾ, ಬೆಂಗಳೂರಲ್ಲಿ ನಿಂಗೆ ನಿದ್ದೆ ಮಾಡಕ್ಕೇ ಬಿಡ್ತಿರ್ಲಿಲ್ವಾ?" ಎಂದು ನಕ್ಕರು. ಅವರು ತಮಾಷೆಗೆ ಕೇಳಿದ್ದು. ನನಗೆ ಅಳು ಬಂತು.

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಬೆಂಗಳೂರಿನ ಕ್ರೈಸ್ತ ವಿದ್ಯಾರ್ಥಿಗಳ ಆರಾಧನಾ ತಂಡವೊಂದರಲ್ಲಿ ಹಾಡಲು ಹೋಗಿದ್ದೆ. ಕಾಲೇಜಿಂದ ಕಾಲೇಜಿಗೆ, ಹಾಸ್ಟೆಲಿಂದ ಹಾಸ್ಟೆಲಿಗೆ ಹೋಗಿ ಪ್ರಾರ್ಥನಾ ಕೂಟಗಳಲ್ಲಿ ಹಾಡುವುದು ನಮ್ಮ ಕೆಲಸ. ನಾಗಾಲ್ಯಾಂಡಿನ ಹುಡುಗಿಯೊಬ್ಬಳು ನನ್ನ ರೂಮ್‌ಮೇಟ್. ಗಿಟಾರ್ ನುಡಿಸುವವನು ಜಾರ್ಖಂಡಿನವನು. ಮಿಕ್ಕವರಲ್ಲಿ ಮಿಜೋರಾಮಿನವರಿದ್ದರು, ಮಲಯಾಳಿ, ತಮಿಳು, ತೆಲುಗಿನವರಿದ್ದರು. ಕನ್ನಡದವಳು ನಾನೊಬ್ಬಳೇ. ಒಬ್ಬರ ಭಾಷೆಯ ಹಾಡನ್ನು ಎಲ್ಲರೂ ಕಲಿಯಬೇಕೆಂಬುದು ನಿಯಮ. ಅರ್ಥ ಗೊತ್ತಿಲ್ಲದ ಪದಗಳನ್ನು ಬಾಯಿ ತಿರುಗುವವರೆಗೆ ಹೇಳಿಕೊಂಡು, ಕಡೆಗೆ ಎಲ್ಲರೂ ಒಂದೇ ದನಿಯಲ್ಲಿ ಹಾಡುವಾಗ ಮೈ ಜುಮ್ಮೆನ್ನುತ್ತಿದ್ದುದು ಸುಳ್ಳಲ್ಲ. ಅದನ್ನು ಈಗಲೂ ಇಲ್ಲವೆನ್ನಲಾರೆ.

ಆದರೆ ಹಾಡುವುದು ದಿನದಲ್ಲಿ ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ನಾನು ಮಾತಾಡುತ್ತಿದ್ದೆ. ಊರಿನ ಭಾಷೆ ಬರುವವಳು ನಾನೊಬ್ಬಳಾದ್ದರಿಂದ ಆಟೋದವನ ಹತ್ತಿರ ನಾನೇ ಮಾತಾಡಬೇಕು. ಅಡುಗೆಮನೆಯಿಂದ ಒಣಮೀನಿನ ವಾಸನೆ ಬರುತ್ತದೆಂದು ಮನೆ ಓನರು ಬಾಗಿಲು ಬಡಿದರೆ ನಾನೇ ಹೋಗಿ ನಿಲ್ಲಬೇಕು. ಬಸ್ಸಿನಲ್ಲಿ ರೂಮ್‌ಮೇಟಿನ ಕಣ್ಣು ನೋಡಿ ಯಾರೋ ಏನೋ ಅಂದರೆ, "ಅವನು ಏನಂದ?" ಎಂದು ಅವಳು ಕೇಳುತ್ತಿದ್ದಳು. "ಜಾಗ ಬಿಡಿ ಅಂದ" ಎನ್ನುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ನನಗೂ ಗೊತ್ತಾಗುತ್ತಿತ್ತು ಅವಳಿಗೆ ಗೊತ್ತಾಯಿತೆಂದು. ಇಬ್ಬರೂ ಕಿಟಕಿಯಾಚೆ ನೋಡಿಕೊಂಡು ಕೂರುತ್ತಿದ್ದೆವು. ಅದೇ ಸಂಜೆ ವೇದಿಕೆ ಹತ್ತಿದರೆ ಯಾರೋ ಮೈಕ್ ಹಿಡಿದು, "ನೋಡಿ, ಇಷ್ಟು ಭಾಷೆ, ಇಷ್ಟು ಬಣ್ಣ, ಆದರೆ ಒಂದೇ ಕುಟುಂಬ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ನಾವು ಸಾಲಾಗಿ ನಿಂತು ನಗುತ್ತಿದ್ದೆವು. ಕೆನ್ನೆ ನೋಯುವಷ್ಟು ನಗುತ್ತಿದ್ದೆವು.

ವರ್ಷ ಮುಗಿದಾಗ ಎಲ್ಲರೂ ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ರಾಮನಗರದ ಬಸ್ಸಿನಲ್ಲಿ ಕೂತ ಮೇಲೆ ಮನಸ್ಸಿಗೆ ಬಂದ ಮೊದಲ ಮಾತು, ಇನ್ನು ನಾಳೆ ಯಾರಿಗೂ ಏನೂ ವಿವರಿಸಬೇಕಿಲ್ಲ ಎಂಬುದು.

ಊರಿನಲ್ಲಿ ನಮ್ಮ ಚರ್ಚಿನದು ಸಣ್ಣ ಸಭೆ. ಹಾರ್ಮೋನಿಯಂ, ತಬಲಾ, ಹಳೇ ಕೀರ್ತನೆಗಳು. ಕೆಲವು ಕುಟುಂಬ ಮನೆಯಲ್ಲಿ ತಮಿಳು ಮಾತಾಡುವವು, ಉಳಿದವು ಕನ್ನಡದವು. ತಿಂಗಳಿಗೊಂದು ತಮಿಳು ಹಾಡಾದರೂ ಬೇಕೆಂದು ಒಂದು ಕಡೆಯವರು, ಕನ್ನಡದ ಸಭೆಯಲ್ಲಿ ಅದೇಕೆಂದು ಇನ್ನೊಂದು ಕಡೆಯವರು ಬಹಳ ದಿನಗಳಿಂದ ಮುಖ ಊದಿಸಿಕೊಂಡಿದ್ದರು. ನಾನು ಬಂದದ್ದು ಗೊತ್ತಾದದ್ದೇ ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಮನೆಗೇ ಬಂದರು. ಅಮ್ಮ ಕಾಫಿ ಕೊಟ್ಟಳು.

"ನೀನು ಬಂದಿದ್ದು ಒಳ್ಳೇದಾಯ್ತಮ್ಮ. ಈ ಭಾಷೆ ಜಗಳ ನಿನ್ನಿಂದಲೇ ಬಗೆಹರೀಬೇಕು. ಬರೋ ಭಾನುವಾರದಿಂದ ಹಾಡಿನ ಜವಾಬ್ದಾರಿ ನಿಂದೇ" ಎಂದರು.

"ಆಗಲ್ಲ ಅಯ್ಯನವರೇ."

"ಯಾಕಮ್ಮ, ಗಂಟಲು ಸರಿಯಿಲ್ವಾ?"

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಗಂಟಲು ಚೆನ್ನಾಗೇ ಇದೆ. ನನ್ನ ಕೈಲಿ ಆಗಲ್ಲ" ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಅಮ್ಮನ ಮುಖ ನೋಡಿದರು. ಅವರು ಹೋದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ, "ದೇವ್ರು ಕೊಟ್ಟ ದನಿ ಮುಚ್ಚಿಟ್ಕೊಂಡು ಕೂತ್ಕೋ. ಅಲ್ಲೆಲ್ಲಾ ಊರೂರು ಸುತ್ತಿ ಹಾಡ್ದೋಳಿಗೆ ನಮ್ಮ ಸಭೆ ಮಾತ್ರ ಬ್ಯಾಡ ಆಗೋಯ್ತು" ಎಂದಳು. ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅದನ್ನೂ ವಿವರಿಸಬೇಕಲ್ಲ ಎನಿಸಿ ಹೋಗಿ ಮಲಗಿದೆ.

ಭಾನುವಾರಗಳಂದು ಚರ್ಚಿಗೆ ಹೋಗುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಎಲ್ಲರೂ ಎದ್ದಾಗ ಏಳುತ್ತಿದ್ದೆ, ಪುಸ್ತಕ ಬಿಡಿಸಿಕೊಳ್ಳುತ್ತಿದ್ದೆ, ತುಟಿ ಆಡಿಸುತ್ತಿರಲಿಲ್ಲ. ದೊಡ್ಡ ಪಟ್ಟಣ ನೋಡಿ ಬಂದ ಮೇಲೆ ಕೊಬ್ಬು ಬಂದಿದೆ ಎಂದು ಕೆಲವರು ಅಂದುಕೊಂಡರು. ಬೆಂಗಳೂರಿನಲ್ಲಿ ಯಾವನೋ ಕೈಕೊಟ್ಟಿರಬೇಕು ಎಂದೂ ಮಾತಾಯಿತು. ಅದನ್ನು ಕೇಳಿದಾಗ ನನಗೆ ನಗು ಬಂತು. ಹಾಗೇನಾದರೂ ಆಗಿದ್ದರೆ ಹೇಳುವುದು ಎಷ್ಟು ಸುಲಭವಿತ್ತು.

ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಸ್ಟೇಷನ್ ರಸ್ತೆಯ ಎಸ್‌ಟಿಡಿ ಬೂತಿನಿಂದ ಒಂದು ಸಂಜೆ ನನ್ನ ರೂಮ್‌ಮೇಟಿನ ಮನೆಗೆ ಫೋನ್ ಮಾಡಿದೆ. ಅವಳೂ ತನ್ನ ಬೆಟ್ಟದೂರಿಗೆ ಹೋಗಿದ್ದಳು. ಲೈನಿನಲ್ಲಿ ಗೊರಗೊರ ಸದ್ದು. ಹರುಕುಮುರುಕು ಹಿಂದಿಯಲ್ಲಿ ಕ್ಷೇಮ ಸಮಾಚಾರ ಮುಗಿದ ಮೇಲೆ ಕೇಳಿದೆ.

"ಚರ್ಚಿನಲ್ಲಿ ಹಾಡ್ತಿದೀಯಾ?"

"ಇಲ್ಲ. ನೀನು?" ಎಂದಳು.

"ನಾನೂ ಇಲ್ಲ."

"ಮತ್ತೆ ಏನು ಮಾಡ್ತಿದೀಯ?"

"ನಿದ್ದೆ."

ಆ ಕಡೆಯಿಂದ ನಗು ಕೇಳಿತು. ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ಆ ಇಡೀ ವರ್ಷದಲ್ಲಿ ನಾನು ಕೇಳಿರಲಿಲ್ಲ. "ನಾನೂ ಅದೇ. ನಮ್ಮಮ್ಮ ನನ್ನನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದಳು" ಎಂದಳು. ನಾನೂ ನಕ್ಕೆ. ನನಗೆ ಕೊಬ್ಬೂ ಬಂದಿಲ್ಲ, ಭಕ್ತಿಯೂ ಹೋಗಿಲ್ಲ, ದಣಿದಿದ್ದೇನೆ ಅಷ್ಟೇ ಎಂದು ಆವತ್ತು ನಂಬಿಕೆಯಾಯಿತು. ಅವಳು ದಣಿದದ್ದು ನನಗಿಂತ ಹೆಚ್ಚೇ ಇದ್ದೀತು. ನಾನು ಬರೀ ಅವರಿವರ ಮಾತನ್ನು ದಾಟಿಸಿದವಳು. ಆ ಮಾತು ಬಿದ್ದದ್ದು ಅವಳ ಮೇಲೆ.

ಆಮೇಲೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಂದವರ, ಹೋದವರ ಹಾಜರಿ ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ, ಸಂಜೆ ಸಿಕ್ಕಿದ ಬಸ್ಸು. ಹೆಚ್ಚು ಮಾತಿಲ್ಲದ ಆ ಕೆಲಸ ನನಗೆ ಹಿಡಿಸಿತು. ಕೆಲವು ತಿಂಗಳು ಹೀಗೇ ಕಳೆದವು.

ಒಂದು ದಿನ ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದೆ. ಯಾರೋ ಹಿಂದಿನಿಂದ ಬಂದು ನನ್ನ ಒದ್ದೆ ಕೈಯನ್ನೇ ಹಿಡಿದುಕೊಂಡರು. ತಿರುಗಿದರೆ ಪ್ಯಾಕಿಂಗ್ ವಿಭಾಗಕ್ಕೆ ಗುತ್ತಿಗೆಯ ಮೇಲೆ ಬಂದಿದ್ದ ಒಬ್ಬಳು ಹುಡುಗಿ. ಕಣ್ಣರಳಿಸಿ ನನಗೆ ತಿಳಿಯದ ಭಾಷೆಯಲ್ಲಿ ಬಡಬಡ ಮಾತಾಡತೊಡಗಿದಳು. ನಾನು ತಿಳಿಯಲಿಲ್ಲವೆಂದು ತಲೆ ಅಲ್ಲಾಡಿಸಿದೆ. ಆಮೇಲೆ ಹಿಂದಿಯಲ್ಲಿ ಕೇಳಿದಳು: "ದೀದಿ, ನೀವು ಈಗ ಹಾಡ್ತಿದ್ದಿರಲ್ಲ, ಅದು ನಮ್ಮೂರ ಹಾಡು. ನೀವು ನಮ್ಮ ಕಡೆಯವರಾ?"

ನಾನು ಹಾಡುತ್ತಿದ್ದೆನೆಂಬುದೇ ನನಗೆ ಗೊತ್ತಿರಲಿಲ್ಲ. ಗಿಟಾರಿನ ಹುಡುಗ ಕಲಿಸಿದ್ದ ಜಾರ್ಖಂಡಿನ ಹಾಡೊಂದು ಡಬ್ಬಿ ತೊಳೆಯುವ ಹೊತ್ತಿಗೆ ತಾನಾಗಿ ಬಾಯಿಗೆ ಬಂದಿತ್ತು. "ಇಲ್ಲ, ನಾನು ಇಲ್ಲೇ ರಾಮನಗರದವಳು. ಹಾಡು ಮಾತ್ರ ಗೊತ್ತು, ಭಾಷೆ ಬರಲ್ಲ" ಎಂದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಕೈ ಬಿಡಲಿಲ್ಲ.

"ಇಲ್ಲಿಗೆ ಬಂದಾಗಿನಿಂದ ಚರ್ಚಿಗೆ ಹೋಗಿಲ್ಲ ದೀದಿ. ದಾರಿ ಗೊತ್ತಿಲ್ಲ. ಕರಕೊಂಡು ಹೋಗ್ತೀರಾ?"

ನಿಜ ಹೇಳುವುದಾದರೆ ನನಗೆ ಖುಷಿಯಾಗಲಿಲ್ಲ. ಮತ್ತೆ ಶುರುವಾಯಿತು ಎನಿಸಿತು. ಇವಳನ್ನು ಕರೆದೊಯ್ಯಬೇಕು, ಇವಳು ಯಾರು ಎಂದು ಎಲ್ಲರಿಗೂ ಹೇಳಬೇಕು, ಅವರು ಹೇಳಿದ್ದನ್ನು ಇವಳಿಗೆ ಹೇಳಬೇಕು. ಆದರೂ ಇಲ್ಲವೆನ್ನಲು ಆಗಲಿಲ್ಲ.

ಭಾನುವಾರ ಅವಳು ಬಿಡದಿಯಿಂದ ಬಂದು ರಾಮನಗರದಲ್ಲಿ ಬಸ್ಸಿಳಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡಿದ್ದಳು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಮೊದಲ ಕೀರ್ತನೆಗೆ ಎಲ್ಲರೂ ಎದ್ದರು. ಅವಳಿಗೆ ಕನ್ನಡದ ಒಂದಕ್ಷರ ಬಾರದು. ಆದರೆ ರಾಗ ಅವಳಿಗೆ ಗೊತ್ತಿದ್ದದ್ದೇ ಇರಬೇಕು. ತನ್ನ ಭಾಷೆಯ ಪದ ಹಾಕಿಕೊಂಡು ಗಂಟಲೆತ್ತಿ ಹಾಡಿದಳು. ಮೈಕಿಲ್ಲ, ನಾಚಿಕೆಯಿಲ್ಲ, ಪರಿಚಯ ಮಾಡಿಕೊಡುವವರಿಲ್ಲ. ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ತಿರುಗಿದರು. ನಾನು ಎಂದಿನಂತೆ ಪುಸ್ತಕ ಹಿಡಿದು ನಿಂತಿದ್ದೆ.

ಹೊರಗೆ ಬಂದ ಮೇಲೆ ಸಭೆಯ ಹಿರಿಯರೊಬ್ಬರು ಹತ್ತಿರ ಬಂದರು. ತಮಿಳು ಹಾಡು ಬೇಡವೆಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರೇ ಅವರು.

"ಯಾರವ್ವ ಈ ಮಗು? ಯಾವ ಭಾಷೆ ಅದು?"

"ಜಾರ್ಖಂಡಿನವಳು ತಾತ. ಭಾಷೆ ನನಗೂ ಬರಲ್ಲ."

"ಒಸಿ ಕೇಳು, ಊಟ ಮಾಡವ್ಳಾ ಅಂತ."

ಕೇಳಿದೆ. ಇಲ್ಲವೆಂದಳು. "ಹಂಗಾದ್ರೆ ನಮ್ಮನೇಗೆ ನಡೀರಿ ಇಬ್ರೂವೆ. ಮುದ್ದೆ ಐತೆ, ಕೋಳಿ ಸಾರೈತೆ" ಎಂದು ಅವರು ಮುಂದೆ ಹೊರಟೇಬಿಟ್ಟರು. ಅಲ್ಲಿ ಅವಳು ಮುದ್ದೆಯನ್ನು ಅಗಿದು ಅಗಿದು ತಿಂದಳು. ತಾತನ ಹೆಂಡತಿ ಅಜ್ಜಿ ಅಗಿಯಬಾರದು, ನುಂಗಬೇಕು ಎಂದು ತಾವೇ ತುತ್ತು ನುಂಗಿ ತೋರಿಸಿದರು. ನಾನು ಒಂದು ಮಾತನ್ನೂ ದಾಟಿಸಬೇಕಾಗಲಿಲ್ಲ. ಗೋಡೆಗೊರಗಿ ಕೂತು ಅವರನ್ನೇ ನೋಡುತ್ತಾ, ಉಂಡ ಎಂಜಲು ಕೈಯಲ್ಲೇ ತೂಕಡಿಸಿದೆ.

ಇದರಿಂದ ಸಭೆಯ ಜಗಳ ಮುಗಿಯಿತೆಂದು ಯಾರೂ ಭಾವಿಸಬೇಡಿ. ತಾತ ತಮಿಳು ಹಾಡು ಬೇಡವೆಂದೇ ವಾದಿಸುತ್ತಿದ್ದರು. ಹುಡುಗಿ ಮಾತ್ರ ಭಾನುವಾರ ತಪ್ಪದೆ ಬಂದಳು, ತಪ್ಪದೆ ಅವರ ಮನೆಯಲ್ಲಿ ಉಂಡಳು. ಬೇಸಿಗೆಯ ಹೊತ್ತಿಗೆ ಗುತ್ತಿಗೆ ಮುಗಿದು, ಅವಳೂ ಅವಳ ಜೊತೆ ಗುತ್ತಿಗೆಗೆ ಬಂದಿದ್ದವರೂ ತಮಿಳುನಾಡಿನ ಯಾವುದೋ ಊರಿಗೆ ಹೋದರು. ಹೋಗುವ ಹಿಂದಿನ ದಿನ ನನ್ನ ಹಾಜರಿ ಕಿಟಕಿಯ ಹತ್ತಿರ ನಿಂತು, "ಅಲ್ಲೂ ಚರ್ಚ್ ಇರುತ್ತೆ ಅಲ್ವಾ ದೀದಿ?" ಎಂದಳು. "ಇರುತ್ತೆ, ಬೇಕಾದಷ್ಟಿರುತ್ತೆ" ಎಂದೆ. ಸರತಿಯಲ್ಲಿ ಹಿಂದಿದ್ದವರು ಗೊಣಗಿದರು. ಅವಳು ಸರಿದು ಹೋದಳು.

ಮಾರನೆಯ ವರ್ಷ ಸಭಾಪಾಲಕರಿಗೆ ವರ್ಗವಾಗಿ ಹೊಸಬರು ಬಂದರು. ನನ್ನ ವಿಷಯ ಅವರ ಕಿವಿಗೂ ಬಿದ್ದಿತ್ತು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈಕುಲುಕುತ್ತಾ, "ನೀವೇನಾ ದೊಡ್ಡ ತಂಡದಲ್ಲಿ ಹಾಡಿದ್ದವರು? ನಮ್ಮ ಗಾಯನ ತಂಡಕ್ಕೆ..." ಎಂದು ಶುರುಮಾಡಿದರು.

ಅವರ ಮಾತು ಮುಗಿಯುವ ಮೊದಲೇ ಅಮ್ಮ ಹಿಂದಿನಿಂದ ಬಂದಳು. "ಬುಟ್ಬುಡಿ ಅಯ್ಯನೋರೆ, ಅವಳಿಗೆ ಸುಸ್ತಾಗೈತೆ" ಎಂದಳು. ಅಷ್ಟೇ ಹೇಳಿ ಚಪ್ಪಲಿ ಹುಡುಕತೊಡಗಿದಳು. ಅವಳು ಯಾವಾಗ ಅದನ್ನು ತಿಳಿದುಕೊಂಡಳೋ, ಹೇಗೆ ತಿಳಿದುಕೊಂಡಳೋ, ನಾನು ಕೇಳಲಿಲ್ಲ. ಬಿಸಿಲು ಏರಿತ್ತು. ಮಾಂಸದಂಗಡಿಯಲ್ಲಿ ಜನ ಹೆಚ್ಚಾಗುವ ಮುಂಚೆ ಹೋಗಬೇಕೆಂದು ಅವಳು ಬೇಗ ಬೇಗ ಹೆಜ್ಜೆ ಹಾಕಿದಳು. ನಾನು ನಿಧಾನವಾಗಿ ಹಿಂದೆ ನಡೆದೆ.