ಕಮೋಮೆ ಕಾಫಿಯಂಗಡಿಯ ಅಸಲಿ ಮಾಸ್ಟರ್

ಟೊಕುಮಾರು ಯಸುಜಿ ಬಾಯಿ ಮುಚ್ಚಿ ಕೂತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವನಿಗೆ ಎಪ್ಪತ್ತು ತುಂಬುವ ಹೊತ್ತಿಗೆ. ಅದಕ್ಕೆ ಟೋಕಿಯೋದಿಂದ ಒಂದು ಲಾರಿ ತುಂಬ ಕ್ಯಾಮೆರಾ ಬರಬೇಕಾಯಿತು. ಅದಕ್ಕೂ ಮೊದಲು ಅವನ ಅಪ್ಪ, ಶಾಲೆಯ ಮೇಷ್ಟ್ರು, ಹೆಂಡತಿ ತೊಮೊಎ ಎಲ್ಲರೂ ಪ್ರಯತ್ನಪಟ್ಟು ಕೈಚೆಲ್ಲಿದ್ದರು. ಅಪ್ಪ ಸತ್ತ ದಿನ ಭಿಕ್ಷುಗಳು ಮಂತ್ರ ಹೇಳುತ್ತಿದ್ದರೆ ಇವನು ಪಕ್ಕದವನ ಕಿವಿಯಲ್ಲಿ, ಅಪ್ಪ ಸೈಕಲ್ ಸಮೇತ ಬಂದರಿಗೆ ಬಿದ್ದ ಕಥೆ ಶುರು ಮಾಡಿದ. ಇಡೀ ಸಾಲು ನಗು ತಡೆಯಲಾರದೆ ತಲೆ ತಗ್ಗಿಸಿ ಭುಜ ಕುಣಿಸಿತು. ಜನ ಇಷ್ಟು ಅಳುತ್ತಿದ್ದಾರಲ್ಲ ಎಂದು ಭಿಕ್ಷುಗಳು ಇನ್ನೊಂದು ಮಂತ್ರ ಹೆಚ್ಚಿಗೆ ಹೇಳಿದರು.

ನಾನು ಇನೊಕುಮಾ. ಕಾಮೆಸಾಕಿ ಬಂದರಿನ ಅಂಗಡಿಬೀದಿಯಲ್ಲಿ ಅವನ ಕಮೋಮೆ ಕಾಫಿಯಂಗಡಿಗೆ ಎದುರಾಗಿ ಕ್ಷೌರದಂಗಡಿ ಇಟ್ಟವನು. ಕ್ಷೌರಿಕರು ಮಾತುಗಾರರು ಎಂದು ಲೋಕ ನಂಬಿದೆ. ನಮ್ಮ ಬೀದಿಯ ಪಾಲಿನ ಮಾತನ್ನೆಲ್ಲ ಅವನೊಬ್ಬನೇ ಆಡಿ ಮುಗಿಸುತ್ತಿದ್ದರಿಂದ ನನಗೆ ಏನೂ ಉಳಿಯಲಿಲ್ಲ. ಊರಿನವರು ನನ್ನನ್ನು ಸಿಡುಕ ಎನ್ನುತ್ತಾರೆ. ಗಿರಾಕಿಗಳ ತಲೆಯ ಮೇಲೆ ಕೂದಲೇ ಉಳಿಯದ ಊರಿನಲ್ಲಿ ಕ್ಷೌರಿಕ ನಗುನಗುತ್ತ ಇರಬೇಕೆಂದರೆ ಹೇಗೆ?

ಟೊಕುಮಾರು ಅಪ್ಪನ ಅಂಗಡಿಗೆ ಮಾಸ್ಟರ್ ಆದ ಕಾಲದಲ್ಲೇ ದೇಶಕ್ಕೆಲ್ಲ ವಿಡಿಯೋ ಆಟದ ಹುಚ್ಚು ಹಿಡಿದಿದ್ದು. ಗಾಜಿನ ಹೊದಿಕೆಯ ಮೇಜು, ಗಾಜಿನ ಕೆಳಗೆ ಪರದೆ, ಪರದೆಯಲ್ಲಿ ಏಡಿಯಂಥ ಬಿಳಿ ಚುಕ್ಕೆಗಳ ಸಾಲು. ಆ ಚುಕ್ಕೆಗಳು ಇಳಿಯುತ್ತ ಬರುವುದು, ಕೂತವನು ಗುಂಡು ಹೊಡೆಯುವುದು, ಅಷ್ಟೇ. ಅದನ್ನು ಯುದ್ಧ ಮಾಡಿದವನು ಟೊಕುಮಾರು. ಕಾಫಿ ಸೋಸುತ್ತಲೇ ಮೇಲಿನ ಸಾಲಿಗೆ ತೆರಿಗೆ ಇಲಾಖೆಯವರು, ನಡುಸಾಲಿಗೆ ಅತ್ತೆಯಂದಿರು, ಕೆಳಸಾಲಿಗೆ ಪಕ್ಕದ ಊರಿನ ಮೀನುಗಾರರು ಎಂದು ಹೆಸರಿಡುತ್ತಿದ್ದ. "ಬಿಡ್ಬೇಡ, ಬಿಡ್ಬೇಡ! ಎಡಗಡೆ ಅತ್ತೆ ಬಂದ್ಲು! ಅಯ್ಯೋ, ಅಳಿಯ ಹೋದ!" ಎಂದು ಕೂಗಿದರೆ ದೋಣಿ ಕೂಲಿಗಳು ಬೆವರುತ್ತಿದ್ದರು. ಒಬ್ಬ ನಿಜವಾಗಿಯೂ ಅತ್ತ. "ನೋಡೋ ಕುಮಾ, ಇದಕ್ಕಿಂತ ನಿಜ ಬೇಕಾ?" ಎಂದು ನನ್ನತ್ತ ಎದೆಯುಬ್ಬಿಸುತ್ತಿದ್ದ. ಚುಕ್ಕೆ ಕಂಪನಿಯದು, ಜೀವ ಇವನದು. ಆದರೆ ಆ ಜೀವಕ್ಕೆಂದು ಯಾವ ಕಂಪನಿಯೂ ಒಂದು ಸಿಹಿಯ ಪೆಟ್ಟಿಗೆಯನ್ನೂ ಕಳಿಸಲಿಲ್ಲ.

ಆಮೇಲೆ ಬಣ್ಣ ಬಂತು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಮನುಷ್ಯರೂ ಬಂದರು. ರಟ್ಟು ಮಡಿಸಿ ಮಾಡಿದ ಮುಖ, ಮೂಗಿನ ಜಾಗದಲ್ಲಿ ತ್ರಿಕೋನ, ಬೆರಳು ಬಿಡಿಸಲಾಗದ ಮುಷ್ಟಿ. ಆಗಲೂ "ಇದಕ್ಕಿಂತ ನಿಜ ಬೇಕಾ?" ಎಂದ. ಅಷ್ಟರಲ್ಲಿ ಹುಡುಗರು ಆಟವನ್ನು ಮನೆಗೇ ಕೊಂಡೊಯ್ದರು. ಗಾಜಿನ ಮೇಜುಗಳು ಬರೀ ಮೇಜುಗಳಾದವು. ಒಂದು ಹೊಸವರ್ಷಕ್ಕೆ ಅವನ ಮಗ ಊರಿಗೆ ಬಂದಾಗ ತೋರಿಸಿದ ಆಟದಲ್ಲಿ ಕುದುರೆ ಉಸಿರು ಬಿಟ್ಟರೆ ಆವಿ ಕಾಣುತ್ತಿತ್ತು, ಓಡಿದರೆ ಕುತ್ತಿಗೆಯ ಮೇಲೆ ಬೆವರು. ಅದರ ಬೆವರಿಗೆಂದೇ ನಾಲ್ಕು ಜನ ಎರಡು ವರ್ಷ ಬೆವರು ಸುರಿಸಿದರಂತೆ. ಟೊಕುಮಾರು ಕುದುರೆಗೊಂದು ಹೆಸರಿಡಲು ಹೋದ. "ಅಪ್ಪ, ಅದಕ್ಕೆ ಹೆಸ್ರು ಇದೆ. ವಂಶಾವಳಿನೂ ಇದೆ," ಎಂದ ಮಗ.

ಆ ಲಾರಿ ಬಂದಿದ್ದು ಅದಾದ ಕೆಲವು ವರ್ಷಕ್ಕೆ. ಆಟ ತಯಾರಿಸುವ ಕಂಪನಿಯೊಂದಕ್ಕೆ ಮುದಿಯಾದ ಬಂದರು ಬೇಕಿತ್ತಂತೆ, ನಮ್ಮಷ್ಟು ಚೆನ್ನಾಗಿ ಮುದಿಯಾದದ್ದು ಬೇರೆಲ್ಲೂ ಸಿಗಲಿಲ್ಲವಂತೆ. ಹಯಾಮಿ ಎಂಬ ನಿರ್ದೇಶಕಿ ಹುಡುಗರ ದಂಡು ಕಟ್ಟಿಕೊಂಡು ಬಂದಳು. ಕೌಂಟರಿನ ಸುಟ್ಟ ಗುರುತು ಅಳೆಯಲು ಒಬ್ಬ, ಕಿಟಕಿಯ ಧೂಳು ಅಳೆಯಲು ಇನ್ನೊಬ್ಬ. ತೊಮೊಎ ನಾಚಿಕೊಂಡು ಧೂಳು ಒರೆಸಲು ಹೋದರೆ ಆ ಹುಡುಗ ನಡು ಬಗ್ಗಿಸಿ, "ಅಮ್ಮಾ, ದಯವಿಟ್ಟು, ಅದೇ ನಮಗೆ ಬೇಕಾಗಿರೋದು," ಎಂದು ತಡೆದ. ಕಡೆಗೆ ಟೊಕುಮಾರುವನ್ನು ಕ್ಯಾಮೆರಾಗಳ ನಡುವೆ ಕೂರಿಸಿದರು.

"ಮಾಸ್ಟರ್, ಬಾಯಿ ಅಲ್ಲಾಡಿಸ್ಬೇಡಿ. ಅಲ್ಲಾಡಿದ್ರೆ ಮುಖ ಕಲಸಿಹೋಗುತ್ತೆ," ಎಂದಳು ಹಯಾಮಿ.

"ಸರಿ ಸರಿ. ನಮ್ಮಪ್ಪಂಗೂ ಒಂದ್ಸಲ ಫೋಟೋ ತೆಗೀಬೇಕಾದ್ರೆ ಏನಾಯ್ತು ಗೊತ್ತಾ..."

"ಮಾಸ್ಟರ್."

"ಮುಚ್ಚಿದೆ, ಮುಚ್ಚಿದೆ. ಎಷ್ಟೊತ್ತಮ್ಮ?"

"ಮಾಸ್ಟರ್!"

ಮುಚ್ಚಿದ. ಗಂಟಲಿಗೆ ಬಂದ ಮಾತನ್ನು ನುಂಗಿ ಕೂತ ಆ ಮುಖ ಹೇಗಿತ್ತೆಂದರೆ, ಯಾರೋ ಹತ್ತಿರದವರನ್ನು ಕಳೆದುಕೊಂಡು ಬಂದಂತಿತ್ತು. ಅದು ಟೋಕಿಯೋದಲ್ಲಿ ಕೂತು ಆಟಕ್ಕೆ ಕಥೆ ಬರೆಯುವವನ ಕಣ್ಣಿಗೆ ಬಿತ್ತಂತೆ. ಒಬ್ಬನೇ ಮಗನನ್ನು ಸಮುದ್ರ ನುಂಗಿದ ಮೇಲೆ ಮಾತೇ ಬಿಟ್ಟ ಕಾಫಿಯಂಗಡಿಯ ಮುದುಕ ಎಂದು ಪಾತ್ರ ಹೊಸೆದ. ಆ ಮುಖದ ಹಿಂದೆ ನಿಂತಿದ್ದು ಅಪ್ಪನ ಫೋಟೋದ ಕಥೆ ಎಂದು ಯಾವ ಕ್ಯಾಮೆರಾಕ್ಕೂ ಕಾಣಲಿಲ್ಲ.

ಆಟ ಹೊರಬಂದ ದಿನ ಅಂಗಡಿಬೀದಿ ಸಂಘದ ಸಭಾಂಗಣದಲ್ಲಿ ದೊಡ್ಡ ಪರದೆ ಹಾಕಿದ್ದರು. ಮಂಜು ಮುಸುಕಿದ ಬಂದರಿನಲ್ಲಿ ಕೊಲೆಗಾರನನ್ನು ಹುಡುಕುವ ಆಟ. ಗಾಯವಾದರೆ ಕಮೋಮೆಗೆ ಹೋಗಿ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನಬೇಕು, ಚೂರಿ ಇರಿತವೂ ಮಾಯುತ್ತದೆ. ನಮಗೆ ಇಷ್ಟು ವರ್ಷ ಅದರಿಂದ ಬರೀ ಹುಳಿತೇಗು ಬಂದಿತ್ತು. ಪರದೆಯ ಟೊಕುಮಾರುವಿಗೆ ಕಿವಿಯ ಮೇಲಿನ ನರಹುಲಿ ಇತ್ತು, ನಾನು ಪ್ರತಿ ತಿಂಗಳು ಕತ್ತರಿಸುವ ಮೀಸೆ ಇತ್ತು, ಮೂಗಿನ ಕೂದಲೂ ಇತ್ತು. "ನೋಡೋ ಕುಮಾ..." ಎಂದು ಅವನು ಶುರು ಮಾಡುವಷ್ಟರಲ್ಲಿ ಆ ಮುದುಕ ಯಾರದೋ ಗಡಸು ದನಿಯಲ್ಲಿ "ಕೂತ್ಕೊ" ಎಂದ. ಸ್ವಲ್ಪ ಹೊತ್ತಿನ ಮೇಲೆ "ಕಾಫಿ ಆರುತ್ತೆ" ಎಂದ. ಕೊನೆಗೆ ಕಿಟಕಿಯಾಚೆ ನೋಡಿ "ಸಮುದ್ರ ಇವತ್ತು ಸರಿಯಿಲ್ಲ" ಎಂದ.

ಇವನು ಕುತ್ತಿಗೆ ಚಾಚಿ ಕಾದ. ಇನ್ನೇನೂ ಬರಲಿಲ್ಲ.

"ಅಷ್ಟೇನಾ?"

"ಅಷ್ಟೇ," ಎಂದೆ. ನನಗೇನೋ ಆ ಮುದುಕ ಬಹಳ ಹಿಡಿಸಿದ.

ಆಟ ಗೆದ್ದಿತು. ದೋಣಿ ತುಂಬ ಹುಡುಗ ಹುಡುಗಿಯರು ಇಳಿಯತೊಡಗಿದರು. ಅಂಗಡಿಯೊಳಗೆ ಬಂದವರು ಮೊದಲು ಕಿಟಕಿಯ ಧೂಳು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಒಬ್ಬಳು ಬಿಳಿ ಹೂವಿನ ಗುಚ್ಛ ಹಿಡಿದು ಬಂದು ಕಣ್ಣು ತುಂಬಿಕೊಂಡು ಬಗ್ಗಿದಳು.

"ನಿಮ್ಮ ಮಗನಿಗೆ," ಎಂದಳು.

"ನನ್ನ ಮಗಂಗಾ? ಅವ್ನು ಓಕಯಾಮಾದಲ್ಲಿ ನಲ್ಲಿ ವ್ಯಾಪಾರ ಮಾಡ್ಕೊಂಡು ಗುಂಡುಕಲ್ಲಿನ ಥರ ಇದಾನಮ್ಮ! ಚಿಕ್ಕೋನಿದ್ದಾಗ ಒಂದ್ಸಲ ಏನ್ಮಾಡಿದ ಅಂದ್ರೆ..."

ಹುಡುಗಿಯ ಮುಖ ಇಳಿದುಹೋಯಿತು. ಹೂವು ಕೊಡಲೂ ಆಗದೆ ಒಯ್ಯಲೂ ಆಗದೆ ನಿಂತಳು. ಸಂಜೆಯೊಳಗೆ ಆಟದ ಭಕ್ತರ ಲೋಕಕ್ಕೆಲ್ಲ ಸುದ್ದಿ ಮುಟ್ಟಿತು: ಅಂಗಡಿ ಥೇಟ್ ಹಾಗೇ ಇದೆ, ಧೂಳು ಅದ್ಭುತ, ಮಾಸ್ಟರ್ ಮಾತ್ರ ನಕಲಿ. ಮರುದಿನವೇ ಸಂಘದ ಅಧ್ಯಕ್ಷ, ಕೊಡೆ ಅಂಗಡಿಯ ನಿಶಿಗಾಕಿ, ಸಿಹಿಯ ಪೆಟ್ಟಿಗೆ ಹಿಡಿದು ಬಂದ.

"ಟೊಕುಮಾರು ಅವ್ರೇ, ಕೈಮುಗಿದು ಕೇಳ್ಕೊತೀನಿ. ಸತ್ತ ಮಗನ್ನ ಬದುಕಿಸ್ಬೇಡಿ. ಅವ್ನು ಬದುಕಿದ್ರೆ ಊರು ಸಾಯುತ್ತೆ."

"ಸತ್ತಿಲ್ವಲ್ಲಯ್ಯ ಅವ್ನು!"

"ಅದು ನಿಮಗೂ ನನಗೂ ಗೊತ್ತಿದ್ರೆ ಸಾಲ್ದಾ? ಮೂರೇ ಮಾತು. ಜಾಸ್ತಿ ಏನೂ ಬೇಡ."

ಬೀದಿಯಲ್ಲಿ ಅರ್ಧ ಅಂಗಡಿಗಳ ಬಾಗಿಲು ತುಕ್ಕು ಹಿಡಿದಿದ್ದ ಕಾಲ ಅದು. ಟೊಕುಮಾರು ಆ ಬಾಗಿಲುಗಳನ್ನು ನೋಡಿದ, ಒಪ್ಪಿಕೊಂಡ. ಮೂಗಿಗಿಂತ ಮೂಗುತಿ ಭಾರವಾಯಿತು. ಐದು ವರ್ಷ "ಕೂತ್ಕೊ, ಕಾಫಿ ಆರುತ್ತೆ, ಸಮುದ್ರ ಸರಿಯಿಲ್ಲ" ಎನ್ನುತ್ತ ಕಳೆದ. ಬೀದಿ ಚಿಗುರಿತು. ಮುಚ್ಚಿದ್ದ ಬೇಕರಿ ತೆರೆಯಿತು, ನನ್ನ ಅಂಗಡಿಗೂ ಮಾಸ್ಟರ್ ಮೀಸೆ ಬೇಕೆಂದು ಮೀಸೆಯೇ ಬಾರದ ಹುಡುಗರು ಬಂದರು. ಸಂಜೆ ಬಾಗಿಲೆಳೆದ ಮೇಲೆ ಮಾತ್ರ ಅವನು ನನ್ನ ಅಂಗಡಿಗೆ ಬಂದು, ದಿನದ ಮಾತನ್ನೆಲ್ಲ ಕುರ್ಚಿಯಲ್ಲಿ ಕೂತು ಕಕ್ಕಿ ಹೋಗುತ್ತಿದ್ದ. ನಾನು ಬೈದುಕೊಂಡೇ ಕೇಳುತ್ತಿದ್ದೆ.

ಎರಡನೆಯ ಭಾಗದ ಆಟ ಹೊತ್ತು ಹಯಾಮಿ ಮತ್ತೆ ಬಂದಾಗ ಅವನಿಗೆ ಆಸೆ ಮೂಡಿದ್ದು ಸಹಜ. "ಈ ಸಲ ಮೂರು ಮಾತಲ್ಲ ಮಾಸ್ಟರ್. ಆಟದೊಳಗಿನ ಮಾಸ್ಟರ್, ಏನ್ ಕೇಳಿದ್ರೂ ತಾವೇ ಯೋಚಿಸಿ ಉತ್ತರ ಕೊಡ್ತಾರೆ. ಬದುಕಿರೋ ಮನುಷ್ಯನ ಥರಾನೇ," ಎಂದಳು. ಇವನು ಶುಭ್ರ ಅಂಗಿ ತೊಟ್ಟು, ಗಂಟಲಿಗೆ ನಿಂಬೆ ಶರಬತ್ತು ಕುಡಿದು ತಯಾರಾದ.

"ಎಲ್ಲಿ ಕೂತ್ಕೊಂಡು ಮಾತಾಡ್ಲಿ?"

"ಅಯ್ಯೋ, ನಿಮಗ್ಯಾಕೆ ತೊಂದ್ರೆ? ಅವ್ರಿಗೆ ಆಗ್ಲೇ ಮಾತು ಕಲಿಸಿದೀವಿ. ಐದು ವರ್ಷದಿಂದ ಅಭಿಮಾನಿಗಳು ಮಾಸ್ಟರ್ ಬಗ್ಗೆ ಬರ್ದಿರೋದನ್ನೆಲ್ಲ ಯಂತ್ರಕ್ಕೆ ಓದಿಸಿದೀವಿ."

ಕೌಂಟರಿನ ಮೇಲೆ ಪರದೆ ಇಟ್ಟಳು. ಈಗ ಕಣ್ಣಿನ ಒದ್ದೆಯಲ್ಲಿ ಅಂಗಡಿಯ ದೀಪ ಕೂಡ ಮಿಣುಕುತ್ತಿತ್ತು. ಟೊಕುಮಾರು ಪರದೆಗೆ ಬಗ್ಗಿ ಕೇಳಿದ: "ಏನಯ್ಯಾ, ಎದುರುಗಡೆ ಕ್ಷೌರದ ಕುಮಾ ಗೊತ್ತಾ ನಿಂಗೆ?"

"ಸಮುದ್ರ ಯಾರ ಹೆಸರನ್ನೂ ನೆನಪಿಟ್ಟುಕೊಳ್ಳೋದಿಲ್ಲ," ಎಂದ ಪರದೆಯವನು.

ನಾನು ಕಾಫಿ ಉಗುಳಿದೆ. ಟೊಕುಮಾರು ನಗಲಿಲ್ಲ.

"ನನ್ನ ಮಗ ಸತ್ತಿಲ್ಲ ಕಣೋ. ನಿನ್ನೆ ಫೋನ್ ಮಾಡಿದ್ದ."

ಪರದೆಯವನು ನಿಧಾನವಾಗಿ ಕಣ್ಣೆತ್ತಿದ. ಆ ಕಣ್ಣಲ್ಲಿ ಎಷ್ಟು ಕರುಣೆ ಇತ್ತೆಂದರೆ, ಇವನ ಸ್ವಂತ ಮುಖದಲ್ಲಿ ಅಷ್ಟು ಕರುಣೆಯನ್ನು ನಾನು ಯಾವತ್ತೂ ಕಂಡವನಲ್ಲ. "ಹಾಗೆ ನಂಬ್ಕೊಂಡ್ರೆ ನಿದ್ದೆ ಬರುತ್ತೆ ಅಂದ್ರೆ, ನಂಬ್ಕೊ," ಎಂದ.

ಹಯಾಮಿಯ ಹುಡುಗರು ಚಪ್ಪಾಳೆ ತಟ್ಟಿದರು. ಅವತ್ತು ಸಂಜೆ ಟೊಕುಮಾರು ನನ್ನ ಅಂಗಡಿಗೆ ಬರಲಿಲ್ಲ. ಮರುದಿನವೂ ಇಲ್ಲ. ಆ ವಾರದ ಕೊನೆಗೆ ತೊಮೊಎ ಬಂದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕುಕ್ಕರಿಸಿದಳು.

"ಇನೊಕುಮಾ ಅವ್ರೇ, ಮದ್ವೆಯಾದಾಗಿಂದ ಬಾಯ್ಮುಚ್ಚಿ ಬಾಯ್ಮುಚ್ಚಿ ಅಂತಾನೇ ಬಂದೆ. ಈಗ ಮುಚ್ಚಿದಾರೆ. ಮನೇಲೂ ಮಾತಿಲ್ಲ. ನಿನ್ನೆ ಮಗ ಫೋನ್ ಮಾಡಿದ್ರೆ ಹೂಂ ಅಂದು ನನ್ನ ಕೈಗೆ ಕೊಟ್ಬಿಟ್ರು. ನಂಗೆ ಭಯ ಆಗ್ತಿದೆ."

ನನಗೂ ಭಯವಾಯಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ. ಕತ್ತರಿ ಎಸೆದು ಬೀದಿ ದಾಟಿದೆ. ಅಂಗಡಿ ತೆರೆಯುವ ಹೊತ್ತು, ಹೊರಗೆ ಆಗಲೇ ಸಾಲು ನಿಂತಿತ್ತು. ಕೌಂಟರಿನ ಹಿಂದೆ ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ, ಒಳಗೆ ಇನ್ನೂ ಒಬ್ಬ ಗಿರಾಕಿಯೂ ಇಲ್ಲದಾಗಲೂ.

"ಏಳೋ. ಬಿಚ್ಚು ಏಪ್ರನ್ನು. ಆ ಟೋಪಿನೂ ಕೊಡು."

ಅವನು ಎರಡನ್ನೂ ಬಿಚ್ಚಿ ನನ್ನ ಕೈಗಿಟ್ಟ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

"ಒಳಗೆ ಹೋಗಿ ಮೊಟ್ಟೆ ಸುಲಿ. ಈ ಸಿಡುಕ ಮುದುಕನ ಪಾತ್ರಕ್ಕೆ ನಿನ್ನಂಥ ಬಾಯಿಬಡುಕ ಯಾಕೆ? ಹುಟ್ಟಿದಾಗಿಂದ ತಾಲೀಮು ಮಾಡಿರೋನು ಎದುರುಗಡೆನೇ ಇದೀನಿ."

ಏಪ್ರನ್ ಕಟ್ಟಿಕೊಂಡು, ಟೋಪಿ ಕಣ್ಣಿಗಿಳಿಸಿ ಕೂತೆ. ಎಂಥ ಕ್ಯಾಮೆರಾ, ಎಂಥ ಅಳತೆ! ಇಪ್ಪತ್ತರ ಕಣ್ಣಿಗೆ ಎಪ್ಪತ್ತೈದರ ಮೀಸೆಯ ಮುದುಕರೆಲ್ಲ ಒಂದೇ. ಒಳಗೆ ಬಂದವರು ಚೀಲ ಇಡಲು ಜಾಗ ಹುಡುಕುತ್ತ ಗೊಂದಲ ಮಾಡಿದಾಗ ನನಗೆ ತಡೆಯಲಾಗಲಿಲ್ಲ, "ಕೂತ್ಕೊ" ಎಂದೆ. ನಟಿಸಲಿಲ್ಲ, ಮನಸಾರೆ ಅಂದೆ. ಇಬ್ಬರು ಹುಡುಗಿಯರು ಪರಸ್ಪರ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಇವತ್ತೇ ಮಾಸ್ಟರ್ ಮಾಸ್ಟರ್ ಥರ ಇದ್ದಿದ್ದು ಎಂದು ಆ ದಿನ ಬರೆದರಂತೆ. ನಿಶಿಗಾಕಿ ಬಂದು ನನ್ನನ್ನು ನೋಡಿ ಬಾಯಿ ತೆರೆದ, ಹೊರಗಿನ ಸಾಲು ನೋಡಿ ಮುಚ್ಚಿಕೊಂಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಡುಗೆಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಮೊಟ್ಟೆ ಬೇಯುವ ನೀರಿನ ಶಬ್ದ, ಸಿಪ್ಪೆ ಬೀಳುವ ಶಬ್ದ, ಅಷ್ಟೇ. ಹೀಗೇ ಹಲವು ದಿನ ಹೋದವು. ಇನ್ನು ಇವನು ಹೀಗೇ ಉಳಿದುಬಿಟ್ಟ ಎಂದುಕೊಂಡೆ. ಆಮೇಲೊಂದು ಬೆಳಿಗ್ಗೆ ಪರದೆಬಟ್ಟೆಯ ಹಿಂದಿನಿಂದ, "ಈ ಮೊಟ್ಟೆ ನೋಡೇ, ಥೇಟ್ ನಿಶಿಗಾಕಿ ತಲೆ!" ಎಂದು ಕೇಳಿಸಿತು. "ಬಾಯ್ಮುಚ್ಚಿ ಕೆಲ್ಸ ಮಾಡ್ರೀ," ಎಂದಳು ತೊಮೊಎ. ನನಗೆ ಕಣ್ಣು ತುಂಬಿ ಬಂತು. ಎದುರು ಕೂತಿದ್ದ ಹುಡುಗ ಅದನ್ನು ಸಮುದ್ರದ ಪಾಲಾದ ಮಗನ ನೆನಪೆಂದು ತಿಳಿದು ಫೋಟೋ ತೆಗೆದುಕೊಂಡ.

ಮೊನ್ನೆ ಸಪ್ಪೊರೊದಿಂದ ಒಬ್ಬಳು ಬಂದಿದ್ದಳು. ಒಬ್ಬಳೇ ಬಂದಿದ್ದಳು, ಕೂತಿದ್ದು ಕಿಟಕಿಯ ಧೂಳಿನ ಪಕ್ಕ. ನಾನು ಹೇಳಬೇಕಾದ ಮೂರೂ ಹೇಳಿದೆ. ಅವಳು ಭಕ್ತಿಯಿಂದ ಕೇಳಿಸಿಕೊಂಡು, ಕೈ ತೊಳೆಯಲೆಂದು ಎದ್ದವಳು ದಾರಿ ತಪ್ಪಿ ಅಡುಗೆಮನೆಗೆ ಹೊಕ್ಕಳು. ಕಾಫಿ ಆರಿತು. ಬೇರೆ ಭಕ್ತರೆಲ್ಲ ಬಂದು ತಿಂದು ಹೋದರು. ಒಳಗಿನಿಂದ ಸೈಕಲ್ಲು, ಬಂದರು, ಅತ್ತೆಯಂದಿರು ಎಂದೆಲ್ಲ ಕೇಳಿಸುತ್ತಿತ್ತು, ನಡುನಡುವೆ ಹುಡುಗಿ ಉಸಿರು ಸಿಕ್ಕಿಕೊಂಡವಳಂತೆ ನಗುವುದೂ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ತೋಳಿಗೆ ಮೊಟ್ಟೆಯ ಹಳದಿ ಮೆತ್ತಿಕೊಂಡು, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಕೌಂಟರಿಗೆ ಒರಗಿದಳು.

"ಮಾಸ್ಟರ್, ಒಳಗೆ ಮೊಟ್ಟೆ ಸುಲೀತಾರಲ್ಲ, ಆ ಅಜ್ಜ ಯಾರು? ಅವ್ರ ಮಾತು ಕೇಳೋಕೆ ನಾನು ಇನ್ನೊಂದ್ಸಲ ಬರ್ತೀನಿ. ಆಟ ಮಾಡಿದೋರು ಊರಿಗೂರೇ ಅಳತೆ ತಗೊಂಡು ಹೋದ್ರು, ಅವ್ರೊಬ್ರನ್ನ ಯಾಕೆ ಬಿಟ್ಬಿಟ್ರು?"