ಪ್ರೇಮನಾಥ ರೈಗಳ ವ್ಯಾನಿನ ಟಿವಿ

ದರ್ಬೆಯ ಪ್ರೇಮನಾಥ ರೈಗಳ ಹಳೇ ಟೆಂಪೋ ಟ್ರಾವೆಲರಿನೊಳಗೆ ಮಂಚ, ಒಲೆ, ನೀರಿನ ಟ್ಯಾಂಕಿ ಎಲ್ಲವೂ ಹದಿನೈದು ವರ್ಷದ ಹಿಂದೆ ಕೂರಿಸಿದಲ್ಲೇ ಇವೆ. ಬದಲಾಗುವುದು ಟಿವಿ ಒಂದೇ. ಹತ್ತೊಂಬತ್ತು ಇಂಚಿನದು ಹೋಗಿ ಇಪ್ಪತ್ತನಾಲ್ಕು ಬಂತು, ಈ ಸಲ ಮೂವತ್ತೆರಡು. ಅದಕ್ಕಾಗಿ ಬಟ್ಟೆಯ ಕಪಾಟನ್ನೇ ಅರ್ಧಕ್ಕೆ ಕೊಯ್ಯಿಸಿದರು. "ಇನ್ನೂ ದೊಡ್ಡದು ಬೇಕಾದ್ರೆ ನೀವಿಬ್ರು ಹೊರಗೆ ಕೂತ್ಕೊಳ್ಬೇಕು ಮಾರಾಯ್ರೆ" ಎಂದು ವಯರಿಂಗಿನ ಮುರಳಿ ನಕ್ಕರೆ ರೈಗಳದ್ದು ಒಂದೇ ಮಾತು: "ನೀನು ಸ್ಕ್ರೂ ಗಟ್ಟಿ ಮಾಡು." ಹೊಸ ಟಿವಿಗೆ ಪರೀಕ್ಷೆ ಸಂಪಾಜೆ ಘಾಟಿಯಲ್ಲಿ, ತಿರುವುಗಳಲ್ಲಿ ಅಲುಗಾಡದಿದ್ದರೆ ಪಾಸು. ಇಷ್ಟೆಲ್ಲ ಮಾಡುವ ರೈಗಳು ಟಿವಿ ನೋಡುವುದೇ ಇಲ್ಲ. ಅವರು ಸ್ಟೇರಿಂಗ್ ಹಿಡಿದಿರುತ್ತಾರೆ. ಹಿಂದೆ ಹೆಂಡತಿ ಸೀತಕ್ಕ ಪೆನ್‌ಡ್ರೈವಿನ ಯಕ್ಷಗಾನ ಹಾಕಿಕೊಂಡು ಎಲ್ಲವನ್ನೂ ವರದಿ ಮಾಡುತ್ತಾರೆ. "ಈಗ ಎಂತ ಆಗ್ತಾ ಉಂಟು?" "ಮಹಿಷಾಸುರ ದೊಂದಿ ಹಿಡ್ಕೊಂಡು ಜನರ ನಡುವಿಂದ ಬರ್ತಾ ಇದ್ದಾನೆ." ಸೀತಕ್ಕನ ಕಣ್ಣು ಮಂಜಾಗುತ್ತಾ ಬಂದ ಹಾಗೆ ಟಿವಿ ದೊಡ್ಡದಾಗುತ್ತಾ ಬಂದದ್ದು, ಅದನ್ನು ಇಬ್ಬರೂ ಬಾಯಿಬಿಟ್ಟು ಆಡಿಲ್ಲ. ಈ ಸಲದ ಪರೀಕ್ಷೆಯಲ್ಲಿ, ಒಂದು ದೊಡ್ಡ ತಿರುವು ದಾಟಿದ ಮೇಲೆ, ರೈಗಳು ಒಳಗಿನ ಕನ್ನಡಿಯತ್ತ ಕಣ್ಣು ಹಾಯಿಸಿದರು. ಪರದೆ ಪೂರಾ ಕಪ್ಪಾಗಿತ್ತು. ಭಾಗವತರ ಪದ, ಚೆಂಡೆ ಮಾತ್ರ ಕೇಳುತ್ತಿತ್ತು. ಸೀತಕ್ಕ ಆ ಪರದೆಗೇ ಮುಖ ಮಾಡಿ ಕೂತು ಹೇಳುತ್ತಲೇ ಇದ್ದರು: "ದೇವಿ ಬಂದಳು. ಕೆಂಪು ಸೀರೆ, ಕೈಯಲ್ಲಿ ತ್ರಿಶೂಲ." ರೈಗಳು ವ್ಯಾನು ನಿಲ್ಲಿಸಲಿಲ್ಲ. ಗೇರು ಇಳಿಸಿ, ರಸ್ತೆ ನೋಡುತ್ತಾ ಕೇಳಿದರು: "ಕಿರೀಟ ಹೇಗುಂಟು?"